ಕಾಗಿಣೀ ತೀರ: ಅನಂತಗಿರಿಯ ಕಾಡಿನಿಂದ ಮಳಖೇಡದವರೆಗೆ

ಆಷಾಢ ಬಹುಳ ಪಂಚಮಿ ಶ್ರೀಮಟ್ಟೀಕಾಕೃತ್ಪಾದರಾದ ಶ್ರೀ ಜಯತೀರ್ಥರ ಆರಾಧನೆಯ ದಿನ. ಹೈದರಾಬಾದಿನ ಮಾಧ್ವ ಕುಟುಂಬಗಳಲ್ಲಿ ಅನೇಕರು ಅಂದು ಮಳಖೇಡಕ್ಕೆ ತೆರಳುತ್ತಾರೆ. ಅಮೀರ್‌ಪೇಟ್‌ನವರಿಗೆ ಪಕ್ಕದ ಬೇಗಂಪೇಟೆಯ ನಿಲ್ದಾಣವೇ ಅನುಕೂಲ. ವಿಕಾರಾಬಾದು, ತಾಂಡೂರು, ಸೇಡಂಗಳನ್ನು ದಾಟಿ ಹೋಗುವ ಹಾದಿ ಅದು. ಕ್ಷೇತ್ರವನ್ನು ಸೇರಿದವರು ಕಾಗಿಣೀ ನದಿಯಲ್ಲಿ ಸಂಕಲ್ಪಪೂರ್ವಕ ಸ್ನಾನ ಮಾಡಿ, ಮಡಿಯುಟ್ಟು, ವೃಂದಾವನ ಸನ್ನಿಧಿಗೆ ಬರುತ್ತಾರೆ. ಆಷಾಢವು ಮಳೆಗಾಲದ ನಡುಭಾಗವಾದುದರಿಂದ ಆ ದಿನಗಳಲ್ಲಿ ಹೊಳೆಗೆ ಹೊಸ ನೀರು ಬಂದಿರುತ್ತದೆ. ಶ್ರೀ ಅಕ್ಷೋಭ್ಯತೀರ್ಥರ ಆರಾಧನೆಯು ಮಾರ್ಗಶಿರ ಬಹುಳ ಪಂಚಮಿಯಂದು. ಆಗಲೂ ಹೊಳೆಯಲ್ಲಿ ತಿಳಿನೀರು ಉಳಿದಿರುತ್ತದೆ. ಈ ಎರಡು ಪಂಚಮಿಗಳಲ್ಲಿ ಮಾತ್ರ ಕ್ಷೇತ್ರವನ್ನು ಕಂಡವರಿಗೆ ವೈಶಾಖದ ಕಾಗಿಣೆಯ ಪರಿಚಯ ಇರುವುದಿಲ್ಲ. ಬೇಸಿಗೆಯಲ್ಲಿ ಅಲ್ಲಿ ಕಾಣುವುದು ಬಂಡೆ, ಜಾಲಿ ಮುಳ್ಳು, ಅಲ್ಲಲ್ಲಿ ನಿಂತ ಮಡುವಿನ ನೀರು. ಸಂಕಲ್ಪದಲ್ಲಿ ಸ್ಮರಿಸಲ್ಪಡುವ ಈ ನದಿಯ ನೀರು ಎಲ್ಲಿಂದ ಬರುತ್ತದೆ, ಯಾವುದರಿಂದ ನಿಲ್ಲುತ್ತದೆ, ಯಾವುದರಿಂದ ಕ್ಷೀಣಿಸುತ್ತದೆ ಎಂಬುದು ಕ್ಷೇತ್ರದ ಇತಿಹಾಸದ ಒಂದು ಭಾಗವೇ ಆಗಿದ್ದರೂ, ಕ್ಷೇತ್ರಮಹಿಮೆಯ ಪುಸ್ತಕಗಳಲ್ಲಿ ಅದಕ್ಕೆ ದೊರೆತಿರುವ ಸ್ಥಳ ಅತ್ಯಲ್ಪ.

ಕಾಗಿಣೆಯ ಉಗಮ ವಿಕಾರಾಬಾದಿನ ಸಮೀಪದ ಅನಂತಗಿರಿ ಬೆಟ್ಟಗಳಲ್ಲಿ. ಅನಂತಪದ್ಮನಾಭಸ್ವಾಮಿಯ ಸನ್ನಿಧಾನವಿರುವ, ದಟ್ಟವಾದ ಕಾಡು ಕವಿದ ಈ ಬೆಟ್ಟಗಳು ಹೈದರಾಬಾದಿನ ಭಕ್ತರಿಗೆ ಚಿರಪರಿಚಿತ. ಹೈದರಾಬಾದಿನ ನಡುವೆ ಹರಿಯುವ ಮೂಸಿ ನದಿಯೂ ಇಲ್ಲಿಯೇ ಹುಟ್ಟುತ್ತದೆ. ಮೂಸಿಗೆ ಮುಚುಕುಂದಾ ಎಂಬ ಹೆಸರುಂಟು. ಭಾಗವತದ ದಶಮಸ್ಕಂಧದಲ್ಲಿ ಕಾಲಯವನನು ಯಾವ ರಾಜರ್ಷಿಯ ದೃಷ್ಟಿಗೆ ಬಿದ್ದು ಭಸ್ಮವಾದನೋ ಆ ಮುಚುಕುಂದನ ಗುಹೆ ಇಲ್ಲಿಯದೇ ಎಂದೂ, ಆತನು ಶ್ರೀಕೃಷ್ಣನ ಪಾದವನ್ನು ತೊಳೆದ ನೀರೇ ನದಿಯಾಗಿ ಹರಿಯಿತೆಂದೂ ಸ್ಥಳಪುರಾಣ ಹೇಳುತ್ತದೆ. ಬೆಟ್ಟದ ನೆತ್ತಿಯ ಮೇಲೆ ಬಿದ್ದ ಮಳೆಯಲ್ಲಿ ಪೂರ್ವಕ್ಕೆ ಇಳಿದುದು ಮೂಸಿಯಾಗಿ ಹೈದರಾಬಾದಿಗೆ ಹೋಗುತ್ತದೆ; ಪಶ್ಚಿಮಕ್ಕೆ ಇಳಿದುದು ಕಾಗಿಣೆಯಾಗಿ ತಾಂಡೂರು, ಸೇಡಂ ಸೀಮೆಗಳನ್ನು ಹಾದು ಮಳಖೇಡವನ್ನು ಸೇರುತ್ತದೆ. ತೆಲುಗು ನಾಡಿನಲ್ಲಿ ಇದಕ್ಕೆ ಕಾಗ್ನಾ ಎಂದು ಹೆಸರು, ಕಲಬುರಗಿ ಸೀಮೆಯಲ್ಲಿ ಕಾಗಿಣಾ, ಸಂಪ್ರದಾಯದ ಬರಹಗಳಲ್ಲಿ ಕಾಗಿಣೀ. ಪ್ರಾಸಂಗಿಕವಾಗಿ ಹೇಳಬಹುದಾದ ಮಾತೊಂದುಂಟು: ವಿಕಾರಾಬಾದು ಪೈಗಾ ಮನೆತನದ ವಿಕಾರುಲ್ ಉಮ್ರಾ ಅವರ ಹೆಸರನ್ನು ಹೊತ್ತಿರುವ ಊರು, ಅಮೀರ್‌ಪೇಟ್ ಅದೇ ಮನೆತನದ ಅಮೀರ್-ಎ-ಕಬೀರ್ ಬಿರುದಿನಿಂದ ಬಂದ ಹೆಸರೆಂದು ಹೇಳುವರು. ನದಿಯ ಮೂಲಕ್ಕೂ ಭಕ್ತರ ವಾಸಸ್ಥಾನಕ್ಕೂ ಒಂದೇ ಮನೆತನದ ನೆನಪು ಅಂಟಿಕೊಂಡಿರುವುದು ಆಕಸ್ಮಿಕವಾದರೂ ಸ್ವಾರಸ್ಯಕರವಾಗಿದೆ.

ಮೂಸಿಯ ಇತಿಹಾಸವನ್ನು ಹೈದರಾಬಾದು ಮರೆತಿಲ್ಲ, ಮರೆಯುವಂತೆಯೂ ಇಲ್ಲ. 1908ರ ಸೆಪ್ಟೆಂಬರ್ 28ರಂದು ಬಂದ ಪ್ರವಾಹದಲ್ಲಿ ಸಾವಿರಾರು ಜನ ಮಡಿದರು. ಆ ಬಳಿಕ ಸರ್ ಎಂ. ವಿಶ್ವೇಶ್ವರಯ್ಯನವರ ಸಲಹೆಯಂತೆ ಮೂಸಿಗೆ ಉಸ್ಮಾನ್‌ಸಾಗರವೂ (1920) ಅದರ ಉಪನದಿ ಈಸಿಗೆ ಹಿಮಾಯತ್‌ಸಾಗರವೂ (1927) ನಿರ್ಮಾಣವಾದವು. ನಗರದಲ್ಲಿ ಹರಿದ ನದಿಗೆ ಇಷ್ಟು ಬರವಣಿಗೆ ದೊರೆತಿದ್ದರೆ, ಅದೇ ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಇಳಿದ ಕಾಗಿಣೆ ಹಳ್ಳಿಗಳ ನದಿಯಾಗಿಯೇ ಉಳಿಯಿತು.

ಈ ಸೀಮೆಯ ನೆಲದ ಗುಣವನ್ನು ತಿಳಿಯದೆ ನದಿಯನ್ನು ತಿಳಿಯಲಾಗದು. ಅನಂತಗಿರಿಯಲ್ಲಿಯೂ ಚಿಂಚೋಳಿಯ ಎತ್ತರದ ಪ್ರದೇಶದಲ್ಲಿಯೂ ಬೀದರಿನ ಸುತ್ತಲೂ ಕಪ್ಪುಬಂಡೆಯ ಮೇಲೆ ಕೆಂಪು ಜಂಬಿಟ್ಟಿಗೆಯ ಟೊಪ್ಪಿಗೆ ಇದೆ. ಜಂಬಿಟ್ಟಿಗೆ ರಂಧ್ರಮಯವಾದುದು. ನಾಲ್ಕು ತಿಂಗಳ ಮಳೆಯನ್ನು ಅದು ಹೀರಿಕೊಳ್ಳುತ್ತದೆ. ಕೆಳಗಿನ ಕಪ್ಪುಬಂಡೆ ನೀರನ್ನು ಸುಲಭವಾಗಿ ಒಳಗೆ ಬಿಡದು. ಆದುದರಿಂದ ಎರಡೂ ಕೂಡುವ ಅಂಚಿನಲ್ಲಿ ನೀರು ಝರಿಯಾಗಿ ಹೊರಬರುತ್ತದೆ. ಬೀದರಿನ ಝರಣಿ ನರಸಿಂಹನ ದರ್ಶನಕ್ಕೆ ಹೋಗಿ, ಎದೆಮಟ್ಟದ ನೀರಿನಲ್ಲಿ ಗುಹೆಯೊಳಗೆ ನಡೆದವರೆಲ್ಲರೂ ಈ ಮರ್ಮವನ್ನು ಮೈಯಿಂದಲೇ ಅರಿತಿದ್ದಾರೆ. ಆ ಗುಹೆಯ ನೀರು ಜಂಬಿಟ್ಟಿಗೆಯ ನೀರೇ. ಮೇಲೆ ಮರಗಳಿದ್ದರೆ, ಎಲೆಯ ಕೊಳೆ ಮಣ್ಣಿನ ಮೇಲೆ ಹಾಸಿದ್ದರೆ, ಮಳೆ ನಿಧಾನವಾಗಿ ಇಂಗುತ್ತದೆ. ಝರಿ ಬೇಸಿಗೆಯವರೆಗೂ ಜಿನುಗುತ್ತದೆ. ಮೇಲಿನ ಹೊದಿಕೆ ಹೋದರೆ ಅದೇ ಮಳೆ ಒಂದೇ ಹೊತ್ತಿನಲ್ಲಿ ಇಳಿದು ಕೆಳಗೆ ಪ್ರವಾಹವಾಗುತ್ತದೆ, ಮತ್ತೆ ಕೆಲವು ವಾರಗಳಲ್ಲಿ ಹೊಳೆ ಬತ್ತುತ್ತದೆ. ಕಾಗಿಣೆಗೆ ಹಿಮವತ್ಪರ್ವತದ ಆಸರೆ ಇಲ್ಲ. ಅದರ ಜೀವವೆಲ್ಲವೂ ಈ ಕೆಂಪುಕಲ್ಲು ಮತ್ತು ಅದರ ಮೇಲಿನ ಕಾಡಿನಲ್ಲಿ ಅಡಗಿದೆ.

ಆ ಕಾಡಿನ ಬಹುಮುಖ್ಯವಾದ ಭಾಗವು ಚಿಂಚೋಳಿ ತಾಲ್ಲೂಕಿನಲ್ಲಿದೆ. ಬಸವಕಲ್ಯಾಣದ ಕಡೆಯಿಂದ ಹರಿದುಬರುವ ಮುಲ್ಲಾಮಾರಿ ನದಿ ಚಿಂಚೋಳಿಯನ್ನು ಹಾದು ಸೇಡಂ ತಾಲ್ಲೂಕಿನಲ್ಲಿ ಕಾಗಿಣೆಯನ್ನು ಕೂಡುತ್ತದೆ. ಅದಕ್ಕೆ ನೀರುಣಿಸುವ ಹಳ್ಳಗಳು ಕುಂಚಾವರಂ, ಗೊಟ್ಟಂಗೊಟ್ಟ ಮೊದಲಾದ ಊರುಗಳ ಸುತ್ತಲಿನ ಅರಣ್ಯದಲ್ಲಿ ಹುಟ್ಟುತ್ತವೆ. ಚಂದ್ರಂಪಳ್ಳಿಯ ಜಲಾಶಯವು ಕಾಡಿನ ಮಧ್ಯದಲ್ಲಿಯೇ ಇದೆ. ಎತ್ತಿಪೋತದ ಜಲಪಾತವು ಮಳೆಗಾಲದಲ್ಲಿ ಧುಮ್ಮಿಕ್ಕುತ್ತದೆ. ಬಿಸಿಲನಾಡೆಂದೇ ಹೆಸರಾದ ಕಲಬುರಗಿ ಜಿಲ್ಲೆಯಲ್ಲಿ ಇಂತಹ ಹಸಿರು ಇದೆಯೆಂದರೆ ನಂಬದವರೇ ಹೆಚ್ಚು. 2011ರಲ್ಲಿ ಕರ್ನಾಟಕ ಸರ್ಕಾರವು ಇಲ್ಲಿಯ 134.88 ಚದರ ಕಿಲೋಮೀಟರ್ ಅರಣ್ಯವನ್ನು ವನ್ಯಜೀವಿಧಾಮವೆಂದು ಘೋಷಿಸಿತು. ದಕ್ಷಿಣ ಭಾರತದ ಒಣನೆಲದ ಮೊದಲ ವನ್ಯಜೀವಿಧಾಮವೆಂಬ ಕೀರ್ತಿ ಇದಕ್ಕೆ ಸಂದಿದೆ. ತೇಗ, ಶ್ರೀಗಂಧ, ರಕ್ತಚಂದನಗಳೂ ಜಾಲಿಯ ಜಾತಿಗಳೂ ಇಲ್ಲಿ ಬೆಳೆಯುತ್ತವೆ. ತೋಳ, ಕತ್ತೆಕಿರುಬ, ನರಿ, ನಾಲ್ಕು ಕೊಂಬಿನ ಕೊಂಡುಕುರಿ, ದೊಡ್ಡ ಬಾವಲಿ, ಕೃಷ್ಣಮೃಗಗಳು ಇಲ್ಲಿಯ ನಿವಾಸಿಗಳು. ಹುಲಿ, ಆನೆಗಳಿಲ್ಲದ ಕಾಡಿಗೆ ಜನರ ಆದರ ದೊರೆಯುವುದು ಕಷ್ಟ. ಆದರೆ ಕೊಂಡುಕುರಿಯಂತಹ ಸಂಕೋಚದ ಪ್ರಾಣಿ ಉಳಿದಿರುವುದೇ ಆ ಕಾಡಿನಲ್ಲಿ ಮರೆಯೂ ನೀರೂ ಇನ್ನೂ ಉಂಟೆಂಬುದಕ್ಕೆ ಸಾಕ್ಷಿ. ದಿನವೂ ನೀರು ಕುಡಿಯಬೇಕಾದ ಕೊಂಡುಕುರಿ ಹಳ್ಳದಿಂದ ಬಹುದೂರ ಹೋಗುವುದಿಲ್ಲ.

ಇವುಗಳಲ್ಲಿ ಕೃಷ್ಣಮೃಗದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ. ಯಾವ ದೇಶದಲ್ಲಿ ಕೃಷ್ಣಮೃಗವು ಸ್ವಭಾವತಃ ಸಂಚರಿಸುತ್ತದೆಯೋ ಆ ದೇಶ ಯಜ್ಞಕ್ಕೆ ಯೋಗ್ಯವಾದುದೆಂದು ಮನುಸ್ಮೃತಿ ಹೇಳುತ್ತದೆ. ಯಾಜ್ಞವಲ್ಕ್ಯಸ್ಮೃತಿಯೂ ಧರ್ಮಗಳನ್ನು ಉಪದೇಶಿಸುವ ಮೊದಲು ಇಂತಹ ದೇಶವನ್ನೇ ನಿರ್ದೇಶಿಸುತ್ತದೆ. ಧರ್ಮಾಚರಣೆಯ ಎಲ್ಲೆಯನ್ನು ಗುರುತಿಸುವುದಕ್ಕೆ ಸ್ಮೃತಿಕಾರರು ಆರಿಸಿಕೊಂಡ ಲಕ್ಷಣ ಅರಸನ ಕೋಟೆಯಲ್ಲ, ಬಯಲಿನಲ್ಲಿ ಮೇಯುವ ಒಂದು ಮೃಗ. ಆ ಮೃಗ ಹುಲ್ಲುಗಾವಲಿನ ಪ್ರಾಣಿ. ಮಳೆ ಮಿತವಾಗಿ ಬೀಳುವ, ಧಾನ್ಯ ಬೆಳೆಯುವ, ಗೋವು ಮೇಯುವ ನೆಲವೇ ಅದಕ್ಕೂ ಒಗ್ಗುತ್ತದೆ. ಸ್ಮೃತಿಕಾರರು ಬಳಿಯಿಂದ ಕಂಡೇ ಹೇಳಿದ ಮಾತದು ಎಂದು ತೋರುತ್ತದೆ. ಉಪನಯನದಲ್ಲಿ ವಟುವಿನ ಯಜ್ಞೋಪವೀತಕ್ಕೆ ಕೃಷ್ಣಾಜಿನದ ತುಣುಕನ್ನು ಕಟ್ಟುವ ಪದ್ಧತಿಯನ್ನು ಪ್ರತಿಯೊಂದು ಮಾಧ್ವ ಮನೆಯೂ ಬಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಕೃಷ್ಣಮೃಗವಿದೆ. ಅದನ್ನು ಬೇಟೆಯಾಡುವುದೂ ಅದರ ಚರ್ಮವನ್ನು ಮಾರುವುದೂ ಕೊಳ್ಳುವುದೂ ಅಪರಾಧ. ಹಿರಿಯರಿಂದ ಬಂದ ಹಳೆಯ ಅಜಿನದ ಚೂರನ್ನೇ ಮನೆಗಳು ಜೋಪಾನವಾಗಿ ಇಟ್ಟುಕೊಂಡು ಬರುತ್ತಿರುವುದಕ್ಕೆ ಇದೂ ಒಂದು ಕಾರಣ. ಆ ಚೂರು ಮಗುವಿನ ಎದೆಯ ಮೇಲಿರುವಾಗ, ಮೃಗವು ಮುಲ್ಲಾಮಾರಿಯ ಬಯಲಿನಲ್ಲಿ ಜೀವಂತವಾಗಿ ಓಡಾಡುತ್ತಿದೆಯೆಂಬುದನ್ನು ಆ ಮಗುವಿಗೆ ತಿಳಿಸುವ ತಂದೆತಾಯಿಗಳು ಎಷ್ಟು ಮಂದಿ?

ಈಗ ಕೆಳಗಿನ ತೀರಕ್ಕೆ ಬರಬಹುದು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು (ಆಳ್ವಿಕೆ 814–878) ಮಾನ್ಯಖೇಟವನ್ನು ರಾಜಧಾನಿಯಾಗಿಸಿಕೊಂಡನು. ಅದು ಇಂದ್ರನ ನಗರವನ್ನು ಮೀರಿಸುವಂತಿತ್ತೆಂದು ಅವರ ವಂಶದ ಶಾಸನಗಳು ಹೊಗಳಿವೆ. ಅರಬ್ಬೀ ಬರಹಗಾರರು ಮಾನ್ಕೀರ್ ಎಂದು ಕರೆದುದು ಇದೇ ಪಟ್ಟಣವನ್ನು. ಕನ್ನಡದ ಉಪಲಬ್ಧ ಗ್ರಂಥಗಳಲ್ಲಿ ಮೊದಲನೆಯದಾದ ಕವಿರಾಜಮಾರ್ಗ ಈ ಆಸ್ಥಾನದಲ್ಲಿ ರೂಪುಗೊಂಡಿತು. ಮಹಾವೀರಾಚಾರ್ಯನ ಗಣಿತಸಾರಸಂಗ್ರಹವೂ ಇದೇ ಅರಸನ ಕಾಲದ್ದು. ನರ್ಮದೆಯಾಚೆಗೂ ದಂಡೆತ್ತಿ ಹೋದ ಸಾಮ್ರಾಜ್ಯವೊಂದು ಗೋದಾವರಿ, ಕೃಷ್ಣೆಗಳಂತಹ ಮಹಾನದಿಗಳ ತೀರವನ್ನು ಬಿಟ್ಟು ಈ ಚಿಕ್ಕ ಹೊಳೆಯ ದಂಡೆಯಲ್ಲಿ ಏಕೆ ನೆಲೆಸಿತು? ರಾಜ್ಯದ ನಾಲ್ಕೂ ದಿಕ್ಕುಗಳಿಗೆ ಹತ್ತಿರವಾದ ಸ್ಥಾನವೆಂಬುದು ಒಂದು ಉತ್ತರ. ಆದರೆ ಸ್ಥಾನ ಮಾತ್ರದಿಂದ ರಾಜಧಾನಿ ಬದುಕದು. ಸುತ್ತಲಿನ ಕಪ್ಪುಮಣ್ಣು ಧಾನ್ಯವನ್ನು ಕೊಟ್ಟಿತು, ನೆಲದಡಿಯ ಸುಣ್ಣಕಲ್ಲು ಕೋಟೆಗೆ ಕಲ್ಲನ್ನೂ ಗಾರೆಯನ್ನೂ ಕೊಟ್ಟಿತು. ದಂಡಿನ ಕುದುರೆಗಳಿಗೂ ಜನಕ್ಕೂ ನೀರು ಕಾಗಿಣೆಯದೇ ಆಗಿರಬೇಕು. ಮೇಲಿನ ಬೆಟ್ಟಗಳು ಅಂದು ಇನ್ನಷ್ಟು ದಟ್ಟವಾಗಿದ್ದು ಹೊಳೆ ಬೇಸಿಗೆಯಲ್ಲಿಯೂ ಹರಿಯುತ್ತಿದ್ದಿತೆಂದು ಊಹಿಸದೆ ಆ ವೈಭವವನ್ನು ವಿವರಿಸುವುದು ಕಷ್ಟ.

972ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಮಾಡಿದನು. ಮರುವರ್ಷವೇ ಚಾಲುಕ್ಯ ತೈಲಪನ ಕೈಗೆ ಅಧಿಕಾರ ಹೋಯಿತು. ಹನ್ನೊಂದನೆಯ ಶತಮಾನದಲ್ಲಿ ರಾಜಧಾನಿಯು ಕಲ್ಯಾಣಕ್ಕೆ, ಎಂದರೆ ಮುಲ್ಲಾಮಾರಿಯ ಮೇಲ್ದಂಡೆಯ ಸೀಮೆಗೆ, ಸರಿಯಿತು. ಅರಸರು ಹೋದ ಮೇಲೂ ಕಾಗಿಣೀ ತೀರದಲ್ಲಿ ಕೋಟೆಯ ಗೋಡೆಗಳೂ ನೇಮಿನಾಥ ಬಸದಿಯೂ ಉಳಿದವು, ಹೊಳೆಯೂ ಉಳಿಯಿತು. ಹೀಗೆ ನಾಲ್ಕು ಶತಮಾನಗಳು ಕಳೆದ ಮೇಲೆ ಯತಿಗಳು ಅಲ್ಲಿಗೆ ಬಂದರು.

ಶ್ರೀಮದಾಚಾರ್ಯರ ಸಾಕ್ಷಾಚ್ಛಿಷ್ಯರಾದ ಶ್ರೀ ಅಕ್ಷೋಭ್ಯತೀರ್ಥರು ಈ ಕ್ಷೇತ್ರದಲ್ಲಿ ನೆಲೆಸಿ ಇಲ್ಲಿಯೇ ವೃಂದಾವನಸ್ಥರಾದರು. ಅವರ ಶಿಷ್ಯರು ಶ್ರೀ ಜಯತೀರ್ಥರು. ಉತ್ತರಾದಿ ಮಠದ ಪರಂಪರೆಯಂತೆ ಟೀಕಾಚಾರ್ಯರ ವೃಂದಾವನವೂ ಮಳಖೇಡದಲ್ಲಿಯೇ ಇದೆ. ಬೇರೆ ಮಠಗಳ ಪರಂಪರೆಯು ಆನೆಗೊಂದಿಯ ನವವೃಂದಾವನವನ್ನು ಹೇಳುತ್ತದೆ. ಆ ಚರ್ಚೆಗೆ ಇದು ಸ್ಥಳವಲ್ಲ. ಕಾಗಿಣೀ ತೀರವು ಗುರುಸನ್ನಿಧಾನದಿಂದ ಪಾವನವಾದುದೆಂಬುದರಲ್ಲಿ ಯಾರಿಗೂ ವಿವಾದವಿಲ್ಲ. ಧೋಂಡೋಪಂತ ಎಂಬ ತರುಣನು ಕುದುರೆಯ ಮೇಲೆ ಬಂದು, ಇಳಿಯದೆಯೇ, ಬೊಗಸೆಯನ್ನೂ ಒಡ್ಡದೆ, ಹರಿಯುವ ನೀರಿಗೆ ಬಾಯಿಟ್ಟು ದನದಂತೆ ನೀರು ಕುಡಿದ ವೃತ್ತಾಂತ ಭಕ್ತರ ಮನೆಮನೆಯ ಕಥೆ. ಎದುರು ದಡದಲ್ಲಿದ್ದ ಅಕ್ಷೋಭ್ಯತೀರ್ಥರು ಅದನ್ನು ಕಂಡು, ಹಿಂದಿನ ಜನ್ಮದಲ್ಲಿ ಪಶುವಾಗಿದ್ದೆಯಾ ಎಂದು ಕೇಳಿದ ಒಂದು ಮಾತಿನಿಂದ ಆತನಿಗೆ ಪೂರ್ವಸ್ಮರಣೆಯಾಯಿತು: ಶ್ರೀಮದಾಚಾರ್ಯರ ಗ್ರಂಥಗಳ ಹೊರೆಯನ್ನು ಹೊತ್ತು ನಡೆದ ಎತ್ತು ತಾನೇ ಎಂದು. ಆ ನದಿ ಕಾಗಿಣೆಯೆಂದು ಕೆಲವರು, ಭೀಮರಥಿಯೆಂದು ಕೆಲವರು ಹೇಳುವರು. ಎರಡರಲ್ಲಿ ಯಾವುದಾದರೂ ಆಗಲಿ, ಆ ಕಥೆ ನಡೆಯಬೇಕಾದರೆ ಕುದುರೆಯ ಕೊರಳ ಎತ್ತರಕ್ಕೆ ನೀರಿರಬೇಕು, ಆ ನೀರು ಹರಿಯುತ್ತಿರಬೇಕು, ಬಾಯಿಟ್ಟು ಕುಡಿಯುವಷ್ಟು ತಿಳಿಯಾಗಿರಬೇಕು. ಇಂದಿನ ಬೇಸಿಗೆಯ ಕಾಗಿಣೆಯಲ್ಲಿ ಈ ಮೂರರಲ್ಲಿ ಒಂದೂ ದೊರೆಯದು.

ಟೀಕಾಚಾರ್ಯರು ಪೀಠವನ್ನಲಂಕರಿಸಿದ್ದು 1365ರಿಂದ 1388ರವರೆಗೆ ಎಂಬುದು ಸಂಪ್ರದಾಯದ ಗಣನೆ. ಅದು ಶಾಂತಿಯ ಕಾಲವಾಗಿರಲಿಲ್ಲ. 1336ರಲ್ಲಿ ವಿಜಯನಗರ, 1347ರಲ್ಲಿ ಬಹಮನೀ ರಾಜ್ಯ ಹುಟ್ಟಿದ್ದವು. ಇವೆರಡರ ನಡುವಿನ ಯುದ್ಧಗಳು ದೋಆಬಿನ ನೆಲವನ್ನು ಸುಡುತ್ತಿದ್ದವು. ಬಹಮನಿಗಳ ರಾಜಧಾನಿಯಾದ ಕಲಬುರಗಿ ಮಳಖೇಡದಿಂದ ಸುಮಾರು 40 ಕಿಲೋಮೀಟರ್ ಮಾತ್ರ. ದಂಡುಗಳು ಓಡಾಡುತ್ತಿದ್ದ ಆ ಸೀಮೆಯಲ್ಲಿಯೇ, ಯಾದಗಿರಿಯ ಸಮೀಪದ ಯರಗೋಳದ ಗುಹೆಯಲ್ಲಿ ಕುಳಿತು ಟೀಕೆಗಳನ್ನು ರಚಿಸಿದರೆಂದು ಪರಂಪರೆ ಹೇಳುತ್ತದೆ. ಅನುವ್ಯಾಖ್ಯಾನಕ್ಕೆ ನ್ಯಾಯಸುಧೆಯಂತಹ ಮಹಾಟೀಕೆ ದೊರೆತುದು ಆ ಕಾಲದಲ್ಲಿ. ಗುಡ್ಡ, ಗುಹೆ, ಪೊದೆಗಾಡು, ಕೈಗೆಟಕುವ ಹಳ್ಳದ ನೀರು ಇವಿಷ್ಟೇ ಆ ತಪಸ್ಸಿಗೆ ಒದಗಿದ ಹೊರಗಿನ ಸಾಧನ. ಕಾಡನ್ನು ಕ್ಷೇತ್ರದ ಹೊರಗಿನ ವಸ್ತುವೆಂದು ಎಣಿಸುವವರು ಯರಗೋಳವನ್ನು ನೆನೆಯಬೇಕು.

ಇತ್ತೀಚಿನ ಶತಮಾನಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂದಿತು. ಅದರ ಬಹುಭಾಗ ಕಾಗಿಣೆಯ ಕಣಿವೆಯನ್ನೇ ಹಿಡಿದು ಸಾಗುತ್ತದೆ. ಕಲಬುರಗಿ, ರಾಯಚೂರು, ಬೀದರ ಸೀಮೆಗಳಿಂದ ವಿದ್ಯೆಗೂ ನೌಕರಿಗೂ ಹೈದರಾಬಾದಿಗೆ ಬಂದ ಕನ್ನಡ ಮನೆತನಗಳಲ್ಲಿ ಅನೇಕರು ಈ ದಾರಿಯಲ್ಲಿಯೇ ಬಂದರು. ಅವರೊಂದಿಗೆ ಕಲ್ಲೂ ಬಂದಿತು. ಹೈದರಾಬಾದಿನ ಹಳೆಯ ಮನೆಗಳ ನೆಲಕ್ಕೆ ಹಾಸಿದ ಶಹಾಬಾದಿನ ಫರಸಿ, ತಾಂಡೂರಿನ ನೀಲಿ ಮತ್ತು ಹಳದಿ ಕಲ್ಲು ಎಲ್ಲವೂ ಇದೇ ಭೀಮಾ–ಕಾಗಿಣಾ ಕೊಳ್ಳದ ಸುಣ್ಣಕಲ್ಲು. ಅದೇ ಕಲ್ಲನ್ನು ಅರೆದು ಸಿಮೆಂಟು ಮಾಡುವ ಕಾರ್ಖಾನೆಗಳು ಮುಂದೆ ವಾಡಿ, ಸೇಡಂ, ಮಳಖೇಡ, ತಾಂಡೂರುಗಳಲ್ಲಿ ತಲೆಯೆತ್ತಿದವು. 1956ರ ನವೆಂಬರ್ 1ರಂದು ಹೈದರಾಬಾದು ಸಂಸ್ಥಾನ ಒಡೆದಾಗ ಕಲಬುರಗಿ ಜಿಲ್ಲೆ ಮೈಸೂರಿಗೆ ಸೇರಿತು. ಅದರಲ್ಲಿದ್ದ ತಾಂಡೂರು, ಕೊಡಂಗಲ್ಲು ತಾಲ್ಲೂಕುಗಳು ಮಾತ್ರ ಆಂಧ್ರಪ್ರದೇಶಕ್ಕೆ ಹೋದವು. ಹೀಗೆ ಒಂದೇ ಜಿಲ್ಲೆಯ ಹೊಳೆಯಾಗಿ ಹರಿಯುತ್ತಿದ್ದ ಕಾಗಿಣೆಯ ನಡುಭಾಗವನ್ನು ರಾಜ್ಯದ ಗಡಿ ಕತ್ತರಿಸಿತು. ಮೂಲದ ಬೆಟ್ಟ ಒಂದು ಸರ್ಕಾರದ್ದು (2014ರಿಂದ ತೆಲಂಗಾಣದ್ದು), ಕ್ಷೇತ್ರ ಇನ್ನೊಂದು ಸರ್ಕಾರದ್ದು. ಮೇಲಿನವರು ಮಾಡಿದ್ದನ್ನು ಕೆಳಗಿನವರು ಕೇಳುವ ಹಾಗಿಲ್ಲ.

ಕೇಳಬೇಕಾದುದು ಮಾತ್ರ ಬಹಳವಿದೆ. ತಾಂಡೂರಿನಿಂದ ಚಿತ್ತಾಪುರದವರೆಗೆ ಹೊಳೆಯ ಮರಳು ಲಾರಿ ಲಾರಿಯಾಗಿ ಹೋಗಿದೆ. ಮರಳು ಹೊಳೆಯ ಕಣಜ. ಮೇಲೆ ನೀರು ಕಾಣದಾದಾಗಲೂ ಮರಳಿನ ಒಡಲಲ್ಲಿ ನೀರಿರುತ್ತದೆ, ಕೈಯಿಂದ ಒಂದು ಮೊಳ ತೋಡಿದರೆ ಒರತೆ ಏಳುತ್ತದೆ. ಮಡಿನೀರಿಗೆ ಆ ಒರತೆಯನ್ನೇ ನಂಬಿದ್ದ ಹೆಂಗಸರ ತಲೆಮಾರು ಹಳ್ಳಿಗಳಲ್ಲಿ ಇನ್ನೂ ಪೂರ್ತಿ ಮರೆಯಾಗಿಲ್ಲ. ಮರಳು ಹೋದ ಮೇಲೆ ಉಳಿಯುವುದು ಬರಿಯ ಬಂಡೆ. ಅತ್ತ ಮೂಸಿಯ ಮೂಲಕ್ಕೆ ಸಮೀಪದ ದಾಮಗುಂಡಂ ಅರಣ್ಯದಲ್ಲಿ ಸುಮಾರು 2,900 ಎಕರೆಯಲ್ಲಿ ನೌಕಾಪಡೆಯ ಸಂದೇಶ ಕೇಂದ್ರಕ್ಕೆ 2024ರ ಅಕ್ಟೋಬರಿನಲ್ಲಿ ಶಂಕುಸ್ಥಾಪನೆಯಾಯಿತು. ದೇಶರಕ್ಷಣೆಯ ಅಗತ್ಯವನ್ನು ಅಲ್ಲಗಳೆಯುವಂತಿಲ್ಲ. ಅಲ್ಲಿಯ ಮರಗಳ ವಿಷಯದಲ್ಲಿ ಸುತ್ತಲಿನ ಜನರ ಆತಂಕವನ್ನೂ ಅಲ್ಲಗಳೆಯುವಂತಿಲ್ಲ. ಚಿಂಚೋಳಿಯ ಕಾಡಿನಲ್ಲಿಯೂ ತೊಡಕುಗಳಿವೆ. ಅದರ ಒಳಗೂ ಅಂಚಿನಲ್ಲೂ ಲಂಬಾಣಿ ತಾಂಡಾಗಳಿವೆ. ವನ್ಯಜೀವಿಧಾಮವಾಗುವುದಕ್ಕೆ ಬಹಳ ಮೊದಲೇ ಅವರು ಅಲ್ಲಿ ನೆಲೆಸಿದವರು. ದನ ಮೇಯಿಸುವುದಕ್ಕೂ ಸೌದೆಗೂ ಅವರಿಗೆ ಕಾಡೇ ಗತಿ. ಕೃಷ್ಣಮೃಗಗಳ ಹಿಂಡು ಎಳೆಯ ತೊಗರಿಯನ್ನು ಮೇದುಹೋದಾಗ ನಷ್ಟ ರೈತನದು. ಕಾಡಿನ ರಕ್ಷಣೆಯ ಭಾರವೆಲ್ಲ ಬಡವರ ತಲೆಯ ಮೇಲೆ ಬಿದ್ದು, ಅದರ ನೀರಿನ ಪುಣ್ಯಸ್ನಾನ ದೂರದವರ ಪಾಲಿಗೆ ಬರುವುದು ನ್ಯಾಯವೆನ್ನಿಸದು.

ಬತ್ತುವುದು ಒಂದು ಬಗೆಯಾದರೆ ಉಕ್ಕುವುದು ಇನ್ನೊಂದು ಬಗೆ. 2020ರ ಅಕ್ಟೋಬರಿನಲ್ಲಿ ಭೀಮಾ ಕೊಳ್ಳದಲ್ಲೆಲ್ಲ ಮಹಾಪ್ರವಾಹ ಬಂದುದನ್ನು ಆ ಸೀಮೆಯವರು ಮರೆತಿಲ್ಲ. ಮೇಲೆ ಒಂದೆರಡು ದಿನ ಮಳೆ ಸುರಿದರೆ ಸೇಡಂ–ಕಲಬುರಗಿ ದಾರಿಯ ಮಳಖೇಡದ ಸೇತುವೆಯ ಮೇಲೆ ನೀರು ಬಂದು ಸಂಚಾರ ನಿಲ್ಲುತ್ತದೆ, ಮಠದ ಆವರಣಕ್ಕೂ ಹೊಳೆ ನುಗ್ಗುತ್ತದೆ. ನದಿಯೇ ಗುರುಗಳ ದರ್ಶನಕ್ಕೆ ಬಂದಳೆಂದು ಭಕ್ತರು ಕೈಮುಗಿಯುವುದುಂಟು. ಆ ಭಾವನೆ ಪೂಜ್ಯವಾದುದು; ಆದರೆ ಹಾಗೆ ಬಂದ ನೀರಿನ ಕೆಸರು ಮೇಲಿನ ಬೆಟ್ಟಗಳು ಕಳೆದುಕೊಂಡ ಮಣ್ಣು ಎಂಬುದೂ ಅಷ್ಟೇ ನಿಜ.

ಮಳಖೇಡವನ್ನು ದಾಟಿದ ಕಾಗಿಣೆ ಶಹಾಬಾದಿನ ಬಳಿಯ ಹೊನಗುಂಟೆಯಲ್ಲಿ ಭೀಮೆಯನ್ನು ಸೇರುತ್ತದೆ, ಭೀಮೆ ರಾಯಚೂರಿನ ಉತ್ತರದಲ್ಲಿ ಕೃಷ್ಣೆಯನ್ನು. ಕೃಷ್ಣೆಯಾಗಿ ಅದು ಶ್ರೀಶೈಲವನ್ನು ಹಾದು ನಾಗಾರ್ಜುನಸಾಗರದಲ್ಲಿ ನಿಲ್ಲುತ್ತದೆ. ಅಲ್ಲಿಂದ ಕೆಳಗೆ ನಲ್ಲಗೊಂಡ ಸೀಮೆಯ ವಾಡಪಲ್ಲಿಯಲ್ಲಿ, ಲಕ್ಷ್ಮೀನರಸಿಂಹನ ಗುಡಿಯಿರುವ ಸಂಗಮದಲ್ಲಿ, ಅನಂತಗಿರಿಯಿಂದ ಪೂರ್ವಕ್ಕೆ ಇಳಿದು ಹೋಗಿದ್ದ ಮೂಸಿಯು ಮತ್ತೆ ಅದನ್ನು ಕೂಡುತ್ತದೆ. ಆದರೆ ಎಲ್ಲ ನೀರೂ ಅಷ್ಟು ದೂರ ಹೋಗುವುದಿಲ್ಲ. ನಾಗಾರ್ಜುನಸಾಗರದ ನೀರನ್ನು ಅಕ್ಕಂಪಲ್ಲಿಯ ಜಲಾಶಯಕ್ಕೆ ತಂದು, ಅಲ್ಲಿಂದ ಕೊಳವೆಗಳ ಮೂಲಕ ಹೈದರಾಬಾದಿಗೆ ಕುಡಿಯಲು ಒದಗಿಸುವ ಯೋಜನೆಯ ಮೊದಲ ಹಂತ 2004ರಲ್ಲಿ ಆರಂಭವಾಯಿತು. ಆಷಾಢದಲ್ಲಿ ಟೀಕಾಚಾರ್ಯರ ಸನ್ನಿಧಿಯ ಮೆಟ್ಟಿಲನ್ನು ಮುಟ್ಟಿ ಹರಿದ ಕಾಗಿಣೆಯ ನೀರು, ಕೃಷ್ಣೆಯ ನೀರಿನೊಡನೆ ಬೆರೆತು, ಹೀಗೆ ನೂರಾರು ಮೈಲಿ ಸುತ್ತಿಕೊಂಡು ಭಾಗ್ಯನಗರದ ಮನೆಗಳ ನಲ್ಲಿಗೂ ಬರುತ್ತದೆ. ಬೆಳಗಿನ ಸಂಧ್ಯಾವಂದನೆಯ ಆಚಮನಕ್ಕೆ ತಂಬಿಗೆಯಲ್ಲಿ ತುಂಬುವ ನೀರಿನಲ್ಲಿ ಅದರದೂ ಒಂದು ಪಾಲಿದೆ.